ಅನುಭವ ಸಾಲದು ಅನ್ನುವವರಿಗೆ: ಕಥೆಗೆ ಸಾಮಗ್ರಿ ಹುಡುಕುವ ಸಮಗ್ರ ಮಾರ್ಗದರ್ಶಿ

ಬಾಗಲಕೋಟೆ, ಜಮಖಂಡಿ, ಇಳಕಲ್ಲ ಕಡೆಯ ಕಾಲೇಜು ಹುಡುಗ-ಹುಡುಗಿಯರು ತಾವು ಬರೆದ ಕಥೆ ಓದಲು ಕೊಡುವಾಗ ಹೆಚ್ಚುಕಡಿಮೆ ಎಲ್ಲರೂ ಒಂದು ಮಾತು ಸೇರಿಸುತ್ತಾರೆ: “ಸರ್, ನಮ್ಮ ಜೀವನದಾಗ ಅಂಥಾದ್ದೇನೂ ಆಗಿಲ್ರಿ. ಮನಿ, ಕಾಲೇಜು, ಬಸ್ಸು, ಮೊಬೈಲು, ಇಷ್ಟ. ಹಿಂಗಿದ್ರ ಏನ್ ಬರೀಬೇಕ್ರಿ?” ಆಮೇಲೆ ಕಥೆ ತೆರೆದರೆ ಒಳಗೆ ಬೆಂಗಳೂರಿನ ದೊಡ್ಡ ಕಂಪನಿ, ಆಸ್ಪತ್ರೆಯ ಐಸಿಯು, ಕೊಲೆ, ಪೊಲೀಸ್ ತನಿಖೆ. ಬರೆದವರು ಇವುಗಳಲ್ಲಿ ಒಂದನ್ನೂ ಹತ್ತಿರದಿಂದ ಕಂಡಿಲ್ಲ. ಧಾರಾವಾಹಿಯಲ್ಲಿ ನೋಡಿದ್ದನ್ನೇ ಕಾಗದಕ್ಕೆ ಇಳಿಸಿರುತ್ತಾರೆ. ಹಾಗೆ ಬರೆದ ಹುಡುಗಿಯೊಬ್ಬಳ ಮನೆಯಲ್ಲಿ ಸಕ್ಕರೆ ಕಾರ್ಖಾನೆಯಿಂದ ಕಬ್ಬಿನ ಬಿಲ್ಲಿನ ದುಡ್ಡು ಬಾರದೆ ಅಕ್ಕನ ಮದುವೆ ಮುಂದೆ ಹೋಗಿರುತ್ತದೆ. ಅದರ ಬಗ್ಗೆ ಒಂದು ಸಾಲೂ ಇರುವುದಿಲ್ಲ.

ಈ ಮಕ್ಕಳಿಗೆ ಪ್ರತಿಭೆ ಇದೆ, ಹಟವೂ ಇದೆ. ಕಡಿಮೆ ಇರುವುದು ಒಂದೇ: ಯಾವುದಾದರೂ ಒಂದು ಕೆಲಸದ ಕ್ರಮವಾದ, ಒಳಗಿನ ತಿಳಿವಳಿಕೆ. ಒಬ್ಬ ಮನುಷ್ಯ ಬೆಳಿಗ್ಗೆ ಎದ್ದು ಸಂಜೆತನಕ ಏನು ಮಾಡುತ್ತಾನೆ, ಅದು ಎಲ್ಲಿ ಕೆಡುತ್ತದೆ, ಕೆಟ್ಟರೆ ಯಾರು ಬೈಯುತ್ತಾರೆ, ದುಡ್ಡು ಯಾವಾಗ ಕೈಗೆ ಬರುತ್ತದೆ, ಇಷ್ಟು ಗೊತ್ತಾದರೆ ಅವನ ಆಸೆ, ಅಂಜಿಕೆ, ಸುಳ್ಳು, ಮಾನ ಎಲ್ಲವೂ ಅದರ ಬೆನ್ನಿಗೇ ಬರುತ್ತವೆ. ಇಪ್ಪತ್ತು ವರ್ಷದವರೂ ಇದನ್ನು ಗಳಿಸಬಹುದು. ಅದಕ್ಕೆ ಊರು ಬಿಡಬೇಕಿಲ್ಲ, ಕಷ್ಟಕಾರ್ಪಣ್ಯವನ್ನು ಹುಡುಕಿಕೊಂಡು ಹೋಗಬೇಕಾಗಿಯೂ ಇಲ್ಲ. ನಮ್ಮ ಭಾಗದಲ್ಲಿ ಕೂತು ಇದನ್ನು ಹೇಗೆ ಮಾಡಬಹುದು ಎಂದು ಹಂತ ಹಂತವಾಗಿ ಹೇಳುತ್ತೇನೆ.

ಮೊದಲ ಹೆಜ್ಜೆ: ಗೊತ್ತಿರುವುದನ್ನು ಬರೆದಿಡಿ

ಒಂದು ದಪ್ಪ ನೋಟ್‌ಬುಕ್ ತೆಗೆದುಕೊಳ್ಳಿ. ಮೊಬೈಲ್ ಬೇಡ. ಮೊಬೈಲಿನಲ್ಲಿ ಬರೆದಿಟ್ಟದ್ದನ್ನು ಯಾರೂ ತಿರುಗಿ ನೋಡುವುದಿಲ್ಲ.

ಮೊದಲ ಪುಟಕ್ಕೆ ನಿಮಗೆ ಕಣ್ಣುಮುಚ್ಚಿ ಮಾಡಲು ಬರುವ ಕೆಲಸಗಳನ್ನು ಬರೆಯಿರಿ: ರೊಟ್ಟಿ ಬಡಿಯುವುದು, ಎಮ್ಮೆ ಹಿಂಡುವುದು, ಕಿರಾಣಿ ಅಂಗಡಿಯ ಉದ್ರಿ ಲೆಕ್ಕ ಇಡುವುದು, ಅಪ್ಪನ ಜೊತೆ ಸೊಸೈಟಿಗೆ ಹೋಗಿ ಗೊಬ್ಬರ ತರುವುದು. ಎರಡನೆಯ ಪುಟಕ್ಕೆ ನೀವು ಗಂಟೆಗಟ್ಟಲೆ ಕೂತಿರುವ ಜಾಗಗಳು: ನವನಗರದ ಬಸ್ ಸ್ಟ್ಯಾಂಡ್, ಅಜ್ಜಿಯ ಊರಿನ ಕಟ್ಟೆ, ಝೆರಾಕ್ಸ್ ಅಂಗಡಿಯ ಸರದಿ. ಮೂರನೆಯ ಪುಟ ನನಗೆ ಎಲ್ಲಕ್ಕಿಂತ ಮುಖ್ಯ. ಅಲ್ಲಿ ಚಿಕ್ಕವರಿದ್ದಾಗ ಕಿವಿಗೆ ಬಿದ್ದೂ ಅರ್ಥವಾಗದೆ ಉಳಿದ ಜಗಳಗಳು ಬರಬೇಕು. ದೊಡ್ಡಪ್ಪ ಯಾಕೆ ಹತ್ತು ವರ್ಷ ನಿಮ್ಮ ಮನೆಯ ಹೊಸ್ತಿಲು ತುಳಿಯಲಿಲ್ಲ? ಅತ್ತೆ ಆ ಪಂಚಮಿಗೆ ತವರಿಗೆ ಬಂದವರು ಯಾಕೆ ಊಟ ಮಾಡದೆ ಎದ್ದು ಹೋದರು? ವಾಟ್ನಿ, ಅಂದರೆ ಆಸ್ತಿ ಹಂಚಿಕೆ, ಆಗುವಾಗ ಬಾವಿಯ ಪಾಲು ಯಾರಿಗೆ ಹೋಯಿತು?

ಉತ್ತರ ಹುಡುಕಲು ಈಗಲೇ ಹೋಗಬೇಡಿ. ಉತ್ತರ ಗೊತ್ತಿಲ್ಲದ ಪ್ರಶ್ನೆ ಕಥೆಗಾರನಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಅಲ್ಲಿ ಕಟ್ಟಲು ಜಾಗ ಇರುತ್ತದೆ.

ಆ ಕಬ್ಬಿನ ಬಿಲ್ಲಿನ ವಿಷಯವನ್ನೇ ನೋಡಿ. ಮುಧೋಳ, ಜಮಖಂಡಿ, ಮಹಾಲಿಂಗಪುರದ ಕಡೆ ಕಾರ್ಖಾನೆ ಶುರುವಾದರೆ ಊರಿನ ಲೆಕ್ಕಾಚಾರವೇ ಬೇರೆ. ಕಡಿಯುವ ಗ್ಯಾಂಗು ಯಾರ ಹೊಲಕ್ಕೆ ಮೊದಲು ಬರುತ್ತದೆ, ಕಡಿದ ಕಬ್ಬು ಟ್ರಾಕ್ಟರಿನಲ್ಲಿ ಎಷ್ಟು ದಿನ ಒಣಗುತ್ತದೆ, ಒಣಗಿದರೆ ತೂಕ ಎಷ್ಟು ಇಳಿಯುತ್ತದೆ, ಬಿಲ್ಲು ಯಾವ ತಿಂಗಳಿಗೆ ಜಮಾ ಆಗುತ್ತದೆ. ಮದುವೆ, ಸಾಲ, ಮನೆಯ ಸ್ಲ್ಯಾಬು, ಮಗಳ ಕಾಲೇಜು ಫೀಸು ಎಲ್ಲವೂ ಆ ದಿನಕ್ಕೆ ಕಾದಿರುತ್ತವೆ. ಗ್ಯಾಂಗಿನ ಮುಖ್ಯಸ್ಥ ಮುಕದ್ದಮನಿಗೆ ನಾಲ್ಕು ದಿನ ಮೊದಲು ಬರಲು ಗುಟ್ಟಾಗಿ ದುಡ್ಡು ಕೊಟ್ಟ ಒಬ್ಬ ಅಪ್ಪ, ಅದರಿಂದ ಸರದಿ ತಪ್ಪಿದ ಪಕ್ಕದ ಹೊಲದ ಗೆಳೆಯ: ಇಷ್ಟಕ್ಕೇ ಒಂದು ಕಥೆ ನಿಲ್ಲುತ್ತದೆ. ಈ ವಿವರ ಆ ಹುಡುಗಿಗೆ ಊಟದ ಹೊತ್ತಿನ ಮಾತಿನಿಂದಲೇ ಗೊತ್ತು. ಬೆಂಗಳೂರಿನ ಬರಹಗಾರ ಇದನ್ನು ತಿಳಿಯಲು ತಿಂಗಳುಗಟ್ಟಲೆ ತಿರುಗಬೇಕು.

ಎರಡನೆಯ ಹೆಜ್ಜೆ: ನಿಮ್ಮದಲ್ಲದ ಒಂದು ಕೆಲಸವನ್ನು ಕಲಿಯಿರಿ

ನಿಮ್ಮ ಬದುಕಿನ ಗಡಿ ದಾಟಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಒಂದೇ ಒಂದು ಕೆಲಸ ಆರಿಸಿಕೊಳ್ಳಿ. ಗುಳೇದಗುಡ್ಡದ ಖಣ (ರವಿಕೆಯ ಬಟ್ಟೆ) ನೇಯುವವರು, ಬೆಲ್ಲದ ಗಾಣದವರು, ಕಲಾದಗಿಯ ದಾಳಿಂಬೆ ತೋಟದವರು, ಬಾದಾಮಿಯ ಗೈಡುಗಳು, ಕೂಡಲಸಂಗಮದಲ್ಲಿ ಕಾಯಿ-ಹೂವಿನ ಅಂಗಡಿ ಇಟ್ಟವರು. ಯಾರಾದರೂ ಸರಿ, ನಡೆದೋ ಒಂದು ಬಸ್ ಹತ್ತಿಯೋ ಮತ್ತೆ ಮತ್ತೆ ಹೋಗಿಬರಲು ಸಾಧ್ಯವಾಗಬೇಕು. ಒಮ್ಮೆ ಹೋಗಿ ಫೋಟೋ ತೆಗೆದುಕೊಂಡು ಬಂದರೆ ವರದಿ ಬರೆಯಬಹುದು, ಕಥೆಗೆ ಅದು ಸಾಲದು.

ಇಳಕಲ್ಲ ಸೀರೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ಇದನ್ನು ಎಲ್ಲರೂ ನೋಡಿದ್ದಾರೆ, ಹೇಗೆ ಆಗುತ್ತದೆ ಎಂಬುದು ನಮ್ಮವರಲ್ಲೇ ಬಹಳ ಜನಕ್ಕೆ ಗೊತ್ತಿಲ್ಲ. ಈ ಸೀರೆಯ ಒಡಲಿನ ಹಾಸು (ಮಗ್ಗದ ಮೇಲೆ ಉದ್ದಕ್ಕೆ ಹೂಡುವ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದಿರಬಹುದು, ರೇಷ್ಮೆಯದೂ ಇರಬಹುದು. ಸೆರಗು ಮಾತ್ರ ಕೆಂಪು, ಅದರಲ್ಲಿ ತೋಪುತೆನಿ ಎಂಬ ಬಿಳಿಯ ವಿನ್ಯಾಸ. ಎರಡು ಹಾಸಿನ ಎಳೆಗಳನ್ನು ಒಂದರೊಳಗೊಂದು ಕುಣಿಕೆ ಮಾಡಿ ಕೂಡಿಸಬೇಕು. ಅದಕ್ಕೆ ಕೊಂಡಿ ಎನ್ನುತ್ತಾರೆ. ಹೀಗೆ ಕೂಡಿಸುವುದರಿಂದ ಹಾಸು ಒಂದು ಸೀರೆಯ ಅಳತೆಗಷ್ಟೇ ಇರುತ್ತದೆ, 6, 8 ಇಲ್ಲವೆ 9 ಗಜ. ಮುಂದಿನ ಸೀರೆಗೆ ಮತ್ತೆ ಮೊದಲಿನಿಂದ ಕೊಂಡಿ. ಸೀರೆಯ ಅಷ್ಟೂ ಅಗಲಕ್ಕೆ ಎಳೆಗೆ ಎಳೆ.

ಇಂಥ ಮನೆಗೆ ಹೋದಾಗ ಮೊದಲ ದಿನ ಏನನ್ನೂ ಕೇಳಬೇಡಿ. ಅವರು ಕೊಟ್ಟ ಚಹಾ ಕುಡಿದು ಸುಮ್ಮನೆ ಕೂಡಿ. ಎರಡನೆಯ ಸಲ ಸಣ್ಣ ಪ್ರಶ್ನೆ ಕೇಳಿ. “ನಿಮಗ ಈ ಕೆಲಸ ಮಾಡೋವಾಗ ಏನನಸ್ತದ?” ಎಂದು ಕೇಳಿದರೆ ಯಾರೂ ಉತ್ತರ ಕೊಡಲಾರರು, ಮುಜುಗರ ಪಡುತ್ತಾರೆ. “ಯವ್ವಾ, ಎಳಿ ಹರದ್ರ ಏನ್ ಮಾಡ್ತೀರಿ?” ಅಂತ ಕೇಳಿ ನೋಡಿ. “ಏನ್ ಮಾಡೂದು ತಮ್ಮಾ, ಮತ್ತ ಹುಡುಕಿ ಗಂಟ ಹಾಕೂದು” ಎಂದು ಶುರುವಾದ ಮಾತು ಹರಿದ ಎಳೆಯಿಂದ ನೂಲಿನ ಗುಣಕ್ಕೆ, ಅಲ್ಲಿಂದ ನೂಲು ಕೊಡುವ ಸಾವ್ಕಾರನಿಗೆ, ಅವನಿಂದ ಮಗನ ಓದಿಗೆ ಹೋಗುತ್ತದೆ.

ಕೇಳಬೇಕಾದ ಪ್ರಶ್ನೆಗಳು ಬಹಳ ಇಲ್ಲ. ಮುಂಜಾನೆ ಎದ್ದ ಕೂಡಲೇ ಮೊದಲು ಮಾಡುವ ಕೆಲಸ ಯಾವುದು? ಹೆಚ್ಚು ಕೆಡುವುದು ಯಾವುದು? ಕೂಲಿ ಯಾರು, ಯಾವಾಗ, ಹೇಗೆ ಕೊಡುತ್ತಾರೆ? ವಯಸ್ಸಾದ ಮೇಲೆ ದೇಹದ ಯಾವ ಭಾಗ ಮೊದಲು ಸೋಲುತ್ತದೆ? ಮನೆಯಲ್ಲಿ ಯಾರಿಗೆ ಈ ಕೆಲಸ ಬರುವುದಿಲ್ಲ? ಕೊನೆಯ ಎರಡು ಪ್ರಶ್ನೆಗಳಿಂದ ನಾನು ಓದಿದ ಒಳ್ಳೆಯ ಕಥೆಗಳು ಹುಟ್ಟಿವೆ. ಉತ್ತರಗಳನ್ನು ಅವರೆದುರಿಗೆ ಬರೆದುಕೊಳ್ಳಬೇಡಿ. ಹೊರಬಂದು, ಬಸ್ಸಿಗೆ ಕಾಯುವಾಗ ಬರೆಯಿರಿ. ಮರೆತದ್ದು ಮರೆತುಹೋಗಲಿ, ಮನಸ್ಸಿನಲ್ಲಿ ಉಳಿದದ್ದೇ ನಿಮ್ಮ ಕಥೆಗೆ ಬೇಕಾದದ್ದು.

ಮೂರನೆಯ ಹೆಜ್ಜೆ: ಹಿರಿಯರ ಬಾಯಿಂದ ಊರು ಕೇಳಿ

ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನರು, ಸಿಂಪಿ ಲಿಂಗಣ್ಣನವರು, ಧೂಲಾಸಾಹೇಬರು ಮತ್ತವರ ಗೆಳೆಯರು ಬೀಸುವ ಕಲ್ಲಿನ ಮುಂದೆ ಹೆಂಗಸರು ಹಾಡುತ್ತಿದ್ದ ತ್ರಿಪದಿಗಳನ್ನು ಕೇಳಿ ಬರೆದುಕೊಂಡರು. 1931ರಲ್ಲಿ ಅವು ಪುಸ್ತಕವಾಗಿ ಅಚ್ಚಾದವು. ಆಗ ಅವರೆಲ್ಲ ಇನ್ನೂ ತರುಣರು. ಅಕ್ಷರ ಬಾರದ ತಾಯಂದಿರ ಬಾಯಲ್ಲಿ ಏನಿದೆ ಎಂದು ಕಿವಿಗೊಟ್ಟು ಕೂತದ್ದರಿಂದ ಕನ್ನಡಕ್ಕೆ ಆದ ಲಾಭ ನಮಗೆಲ್ಲ ಗೊತ್ತೇ ಇದೆ. ಬೀಸುವ ಕಲ್ಲು ಮೂಲೆ ಸೇರಿದೆ, ಆದರೆ ಆ ತಾಯಂದಿರ ಮೊಮ್ಮಕ್ಕಳು ಇನ್ನೂ ನಮ್ಮ ನಡುವೆ ಇದ್ದಾರೆ.

ಬಾಗಲಕೋಟೆಯವರಿಗೆ ಕೇಳಲು ಬಹಳ ಇದೆ. ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದರು. ನೀರು ನಿಲ್ಲುವ ಹೊತ್ತಿಗೆ ಎಷ್ಟೋ ಹಳ್ಳಿಗಳು ಎದ್ದು ಹೋದವು, ಹಳೆಯ ಪಟ್ಟಣದ ಒಂದು ಭಾಗ ಮುಳುಗಿತು, ಸೆಕ್ಟರು ಸೆಕ್ಟರಾಗಿ ನವನಗರ ಎದ್ದಿತು. ಇವತ್ತು ಕಾಲೇಜಿನಲ್ಲಿರುವವರಿಗೆ ಇದೆಲ್ಲ ಅಪ್ಪ-ಅಮ್ಮಂದಿರ ಮಾತು. ಕೇಳುವುದಾದರೆ “ಮುಳುಗಡಿ ಆದಾಗ ಭಾಳ ದುಃಖ ಆತೇನ್ರಿ?” ಎಂದು ಕೇಳಬೇಡಿ. ಹೊಸ ಮನೆಗೆ ಹಳೆಯ ಬಾಗಿಲು ಕಿತ್ತುಕೊಂಡು ಬಂದಿರೋ ಇಲ್ಲವೋ ಕೇಳಿ. ಪರಿಹಾರದ ದುಡ್ಡು ಯಾರ ಹೆಸರಿಗೆ ಬಂತು, ಮೊದಲು ಏನು ಖರ್ಚಾಯಿತು? ಹಳೆಯ ಓಣಿಯಲ್ಲಿ ಗೋಡೆಗೆ ಗೋಡೆ ಹತ್ತಿದ್ದ ಮನೆಯವರು ಹೊಸ ಊರಿನಲ್ಲಿ ಯಾವ ಸೆಕ್ಟರಿಗೆ ಹೋದರು, ಆಮೇಲೆ ಮಾತು ಉಳಿಯಿತೇ?

ಈ ಕಥೆ ಮುಗಿದೂ ಇಲ್ಲ. ಈಗ ನೀರು ನಿಲ್ಲಿಸುವ ಮಟ್ಟ 519.60 ಮೀಟರ್. 2010ರಲ್ಲಿ ಕೃಷ್ಣಾ ನದಿ ನೀರಿನ ವ್ಯಾಜ್ಯ ಕೇಳಿದ ಎರಡನೆಯ ನ್ಯಾಯಾಧಿಕರಣ 524.256 ಮೀಟರಿಗೆ ಒಪ್ಪಿಗೆ ಕೊಟ್ಟಿತು. ಆ ಎರಡು ಅಂಕಿಗಳ ನಡುವೆ ಮನೆಗಳಿವೆ, ಹೊಲಗಳಿವೆ. ನಾಳೆ ಮುಳುಗಬಹುದಾದ ಮನೆಗೆ ಸುಣ್ಣ ಬಳಿಯಬೇಕೋ ಬೇಡವೋ? ಅಂಥ ಊರಿಗೆ ಹೆಣ್ಣು ಕೊಡುವವರು ಏನು ಲೆಕ್ಕ ಹಾಕುತ್ತಾರೆ? ಸೋರುವ ಮಾಳಿಗೆಗೆ ಮಣ್ಣು ಹಾಕಿಸಬೇಕೆಂದು ಅಜ್ಜ, ದುಡ್ಡು ದಂಡ ಎಂದು ಮಗ. ನನ್ನ ಮಟ್ಟಿಗೆ ಇದು ಇವತ್ತಿನ ಬಾಗಲಕೋಟೆಯ ತರುಣರು ಬರೆಯಲೇಬೇಕಾದ ವಸ್ತು. ಇದರೊಳಗೆ ಬದುಕುತ್ತಿರುವವರು ಇದನ್ನು ಸಾಮಾನ್ಯ ಸಂಗತಿ ಎಂದುಕೊಂಡಿದ್ದಾರೆ, ಹೊರಗಿನವರಿಗೆ ಆ ಕಾಯುವಿಕೆ ಕಾಣುವುದೇ ಇಲ್ಲ.

ನಾಲ್ಕನೆಯ ಹೆಜ್ಜೆ: ಕಾಗದಪತ್ರ ಓದಿ

ಪತ್ರಿಕೆಯ ಜಿಲ್ಲಾ ಪುಟದ ಮೂಲೆಗಳನ್ನು ಕತ್ತರಿಸಿ ಅಂಟಿಸಿಕೊಳ್ಳಿ. ವಕೀಲರ ಮೂಲಕ ಬರುವ ಜಾಹೀರ ಪ್ರಕಟಣೆ, ಕಾಣೆಯಾದವರ ವಿವರ, ಹೆಸರು ಬದಲಾವಣೆ. “ಸದರಿ ಆಸ್ತಿಯ ಬಗ್ಗೆ ಯಾರದಾದರೂ ತಕರಾರು ಇದ್ದಲ್ಲಿ” ಎಂಬ ಸಾಲಿನ ಹಿಂದೆ ಒಂದು ಕುಟುಂಬ ಇರುತ್ತದೆ. ಮನೆಯಲ್ಲಿ ಹೊಲದ ಹಳೆಯ ಉತಾರ (ಪಹಣಿ ಪತ್ರ) ಇದ್ದರೆ ತೆಗೆದು ಓದಿ. ಹೆಸರುಗಳು ಎಲ್ಲಿ ಸೇರಿವೆ, ಎಲ್ಲಿ ಕಡಿಮೆಯಾಗಿವೆ, ಹೆಣ್ಣುಮಕ್ಕಳ ಹೆಸರು ಎಲ್ಲಿ ಬಿಟ್ಟುಹೋಗಿದೆ ನೋಡಿ.

ಹಿಂದಿನ ಕಾಲದ ಕಥೆ ಬೇಕಾದರೆ 1884ರಲ್ಲಿ ಅಚ್ಚಾದ ಬಿಜಾಪುರ (ಈಗಿನ ವಿಜಯಪುರ) ಜಿಲ್ಲೆಯ ಗೆಜೆಟಿಯರ್, ಅಂದರೆ ಬ್ರಿಟಿಷ್ ಸರ್ಕಾರದ ಜಿಲ್ಲಾ ವಿವರಗಳ ಪುಸ್ತಕ, ಇದೆ. ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ, ಹಾಗಾಗಿ ನಮ್ಮ ಬಹಳಷ್ಟು ಊರುಗಳೂ ಅದರಲ್ಲೇ ಸಿಗುತ್ತವೆ. ಬೆಳೆ, ಕಸುಬು, ಸಂತೆ, 1876-77ರ ಬರ ಎಲ್ಲ ಅದರಲ್ಲಿದೆ. ಆಳುವವರು ಬರೆಸಿದ್ದು ಎಂಬುದನ್ನು ಮರೆಯದೆ ಓದಬೇಕು. ಕಲಾದಗಿ ಆಗ ಜಿಲ್ಲಾ ಕೇಂದ್ರವಾಗಿತ್ತು, ಆಮೇಲೆ ಕಚೇರಿಗಳು ವಿಜಯಪುರಕ್ಕೆ ಹೋದವು. ಕಚೇರಿ ಎದುರು ಅರ್ಜಿ ಬರೆದು ಹೊಟ್ಟೆ ಹೊರೆಯುತ್ತಿದ್ದವನ ಮನೆಯಲ್ಲಿ ಆ ವಾರ ಏನು ಮಾತಾಯಿತು? ಹಲಗಲಿಯ ಬೇಡರ 1857ರ ಬಂಡಾಯದ ಲಾವಣಿಯನ್ನು ನೀವು ಶಾಲೆಯಲ್ಲಿ ಓದಿದ್ದೀರಿ. ಅದರಲ್ಲಿ ಹೋರಾಡಿದವರ ಹೆಸರುಗಳಿವೆ. ಆ ದಿನ ತವರಿಗೆ ಹೋಗಿದ್ದು, ಮರಳಿ ಬಂದಾಗ ಸುಟ್ಟ ಊರು ಕಂಡ ಸೊಸೆಯ ಹೆಸರಿಲ್ಲ. ಅವಳು ನಿಮಗೆ ಬಿಟ್ಟ ಪಾತ್ರ.

ಐದನೆಯ ಹೆಜ್ಜೆ: ಭಾವವನ್ನು ಸಾಲ ತನ್ನಿ

ಕೆಲಸ ತಿಳಿಯಿತು, ಊರು ತಿಳಿಯಿತು. ಸಾವು, ಮೋಸ, ಯುದ್ಧ ಇವುಗಳನ್ನು ಅನುಭವಿಸದೆ ಬರೆಯುವುದು ಹೇಗೆ?

ಅಮೆರಿಕದ ಕಾದಂಬರಿಕಾರ ಸ್ಟೀಫನ್ ಕ್ರೇನ್ ಹುಟ್ಟಿದ್ದು 1871ರಲ್ಲಿ. ಅಲ್ಲಿನ ಅಂತರ್ಯುದ್ಧ ಮುಗಿದದ್ದು 1865ರಲ್ಲಿ. ರಣರಂಗವನ್ನೇ ನೋಡದ ಈ ತರುಣ ಆ ಯುದ್ಧದ ಬಗ್ಗೆ ಬರೆದ ಕಾದಂಬರಿ 1895ರಲ್ಲಿ ಬಂತು, ಸೈನಿಕನ ಅಂಜಿಕೆಯನ್ನು ಅದರಷ್ಟು ಹತ್ತಿರದಿಂದ ತೋರಿಸಿದ ಪುಸ್ತಕಗಳು ಕಡಿಮೆ. ಕಾದಾಟದ ಆವೇಶ ತನಗೆ ಫುಟ್‌ಬಾಲ್ ಮೈದಾನದಲ್ಲಿ ತಿಳಿಯಿತು ಎಂದು ಆತ ಪತ್ರವೊಂದರಲ್ಲಿ ಹೇಳಿಕೊಂಡಿದ್ದಾನೆ. ಯುದ್ಧದ ವಿವರವನ್ನು ಓದಿ ತಿಳಿದ, ಭಾವವನ್ನು ತನ್ನ ಮೈಯಿಂದ ತಂದ.

ನೀವೂ ಹೀಗೆ ಮಾಡಬಹುದು. ಪಿಯುಸಿ ಫಲಿತಾಂಶದ ದಿನ ಫೇಲಾದದ್ದನ್ನು ಮಧ್ಯಾಹ್ನದತನಕ ಮನೆಯಲ್ಲಿ ಹೇಳದೆ ಬಚ್ಚಿಟ್ಟ ನೆನಪಿದ್ದರೆ, ಆಗ ಬಾಯಿ ಒಣಗಿದ್ದು, ಅಪ್ಪನ ಚಪ್ಪಲಿ ಸಪ್ಪಳಕ್ಕೆ ಬೆನ್ನು ಸೆಟೆದದ್ದು, ಬೇಡದಿದ್ದರೂ ಅಡಿಗೆಮನೆಗೆ ಹೋಗಿ ನೀರು ಕುಡಿದದ್ದು, ಎಲ್ಲವನ್ನೂ ಒಂದು ಪುಟ ಬರೆಯಿರಿ. ಆಮೇಲೆ ಸಂಗತಿಯನ್ನಷ್ಟೇ ಬದಲಿಸಿ. ಬಚ್ಚಿಡುತ್ತಿರುವವನು ಈಗ ಸೊಸೈಟಿಯ ದುಡ್ಡು ಕಳೆದ ಐವತ್ತು ವರ್ಷದ ಗುಮಾಸ್ತ. ಆ ಒಣಗಿದ ಬಾಯಿ, ಆ ಬೆನ್ನು, ಆ ಬೇಡದ ನೀರು ಅವನಿಗೂ ಹೊಂದುತ್ತವೆ. ಹೊಂದದ ಒಂದೆರಡು ಕಡೆ ಮಾತ್ರ ನೀವು ಹೊಸದಾಗಿ ಯೋಚಿಸಬೇಕಾಗುತ್ತದೆ.

ಆರನೆಯ ಹೆಜ್ಜೆ: ಸಾಮಗ್ರಿಯಿಂದ ಕಥೆ ಕಟ್ಟಿ

ವಿವರ ರಾಶಿ ಬಿದ್ದರೆ ಸಾಲದು, ಅದರೊಳಗೆ ಒಬ್ಬರಿಗೆ ಒಂದು ಗರಜು, ಅಂದರೆ ಅಗತ್ಯ, ಇರಬೇಕು, ಅದಕ್ಕೆ ಅಡ್ಡಿ ಬರಬೇಕು. ಎರಡನೆಯ ಹೆಜ್ಜೆಯಲ್ಲಿ ಕೊಂಡಿಯ ಕೆಲಸ ತಿಳಿದುಕೊಂಡಿದ್ದೇವೆ. ದೇಹದಲ್ಲಿ ಮೊದಲು ಸೋಲುವುದು ಯಾವುದು ಎಂಬ ಪ್ರಶ್ನೆಗೆ “ಕಣ್ಣು” ಎಂದು ಉತ್ತರ ಬಂದಿದೆ ಎಂದುಕೊಳ್ಳಿ.

ಗಂಗವ್ವ ಎಂಬ ಮುದುಕಿ. ಊರಿಗೇ ಅವಳ ಕೊಂಡಿ ಹೆಸರುವಾಸಿ. ಕಣ್ಣು ಮಂದವಾಗುತ್ತಿದೆ, ಯಾರಿಗೂ ಹೇಳಿಲ್ಲ. ಅವಳಿಗೆ ಬೇಕಾದದ್ದು ಏನು? ಮನೆಯಲ್ಲಿ ತನ್ನ ಜಾಗ ಉಳಿಯಬೇಕು. ಅಡ್ಡಿ ಏನು? ಎಳೆಯೇ ಕಾಣುತ್ತಿಲ್ಲ. ಮುಚ್ಚಿಡಲು ಏನು ಮಾಡುತ್ತಾಳೆ? ಮೊದಲು ಬಲ್ಬಿನ ಬೆಳಕು ಸಾಲದು ಎಂದು ಮಗನ ಕಡೆಯಿಂದ ಬಲ್ಬು ಬದಲಿಸುತ್ತಾಳೆ. ಇನ್ನೊಂದು ವಾರಕ್ಕೆ ನೂಲು ಕೆಟ್ಟದು ಎಂದು ಸಾವ್ಕಾರನಿಗೆ ಬೈಯುತ್ತಾಳೆ. ಯಾರಿಗೆ ಮೊದಲು ತಿಳಿಯುತ್ತದೆ? ಪಕ್ಕದಲ್ಲಿ ಕೂತು ಹೋಮ್‌ವರ್ಕ್ ಮಾಡುವ ಮೊಮ್ಮಗಳಿಗೆ: ಅಜ್ಜಿ ಕಣ್ಣು ಮುಚ್ಚಿಕೊಂಡೇ ಬೆರಳಿನಿಂದ ಎಳೆ ಹುಡುಕುತ್ತಿದ್ದಾಳೆ. ಕೂಡಿಸಿದ ಜಾಗದಲ್ಲಿ ದೋಷ ಇದೆ ಎಂದು ಒಂದು ಸೀರೆ ವಾಪಸು ಬರುತ್ತದೆ. ಆಗ ಸೊಸೆ, ಅತ್ತೆಯೊಂದಿಗೆ ದಿನವೂ ಜಗಳಾಡುವ ಸೊಸೆ, “ಅದು ನಾ ಮಾಡಿದ್ದು” ಎನ್ನುತ್ತಾಳೆ. ಯಾಕೆ? ಆ ಯಾಕೆಗೆ ನಿಮ್ಮಲ್ಲಿ ಒಂದಕ್ಕಿಂತ ಹೆಚ್ಚು ಉತ್ತರ ಬಂದರೆ ಕಥೆ ಬರೆಯಲು ಕೂಡಿ. ಒಂದೇ ಉತ್ತರ, ಅದೂ ಒಳ್ಳೆಯತನ ಮಾತ್ರ ಎಂದಾದರೆ ಇನ್ನೊಂದು ಸಲ ಆ ಮನೆಗೆ ಹೋಗಿ ಬನ್ನಿ.

ಇದರಲ್ಲಿ ಕೊಲೆ ಇಲ್ಲ, ಪ್ರೇಮಭಂಗ ಇಲ್ಲ, ಮೂರು ದೃಶ್ಯ ಸಾಕು. ಮೊದಮೊದಲು ಸಣ್ಣ ಕಥೆಯನ್ನೇ ಬರೆಯಿರಿ ಎಂಬುದು ನನ್ನ ಕಳಕಳಿಯ ಮಾತು. ಕಾದಂಬರಿಗೆ ಕೈಹಾಕಿ ನಡುವೆ ಬಿಟ್ಟವರನ್ನು ಬಹಳ ನೋಡಿದ್ದೇನೆ.

ವಸ್ತು ಸಿಗದೆ ಕೈ ನಿಂತಾಗ ಬಾದಾಮಿ ಬನಶಂಕರಿ ಜಾತ್ರೆಗೆ ಹೋಗಿ. ಬನದ ಹುಣ್ಣಿಮೆಗೆ ತೇರು ಎಳೆದ ಮೇಲೂ ಜಾತ್ರೆ ದಿನಗಟ್ಟಲೆ ಇರುತ್ತದೆ. ನಾಟಕ ಕಂಪನಿಗಳ ಟೆಂಟಿನಲ್ಲಿ ಆಟ ನೋಡುವುದರ ಜೊತೆಗೆ ಟಿಕೆಟ್ ಹರಿಯುವವನನ್ನೂ ನೋಡಿ. ಬಾಗಿಲು-ಚೌಕಟ್ಟು ಮಾರುವ ಸಾಲಿನಲ್ಲಿ ನಿಂತುಕೊಳ್ಳಿ. ಅಲ್ಲಿ ಬರುವ ಪ್ರತಿಯೊಬ್ಬರೂ ಎಲ್ಲೋ ಮನೆ ಕಟ್ಟುತ್ತಿದ್ದಾರೆ. ಗಂಡ ಒಂದು ಬಾಗಿಲು ಮುಟ್ಟುತ್ತಾನೆ, ಹೆಂಡತಿ ಇನ್ನೊಂದನ್ನು ನೋಡುತ್ತಾಳೆ, ಕೊನೆಗೆ ಯಾವುದನ್ನು ಕೊಳ್ಳುತ್ತಾರೆ ನೋಡಿ.

ಏಳನೆಯ ಹೆಜ್ಜೆ: ಮಾತು ನಮ್ಮದೇ ಇರಲಿ

“ಅಮ್ಮಾ, ನನಗೆ ಸ್ವಲ್ಪ ಹಣದ ಅವಶ್ಯಕತೆಯಿದೆ” ಎಂದು ಇಳಕಲ್ಲಿನ ಹುಡುಗ ಹೇಳುವುದಿಲ್ಲ.

“ಯವ್ವಾ, ಐನೂರ ಕೊಡ. ಸಂಜಿಕ ಕೊಡ್ತೀನಿ.”
“ಸಂಜಿಕ? ಯಾವ ಸಂಜಿಕ?”

ತಾಯಿಯ ಒಂದು ಪ್ರಶ್ನೆಯಲ್ಲಿ ಹಿಂದಿನ ಸಾಲಗಳೆಲ್ಲ ಬಂದುಬಿಟ್ಟವು, ವಿವರಿಸುವ ಕೆಲಸವೇ ತಪ್ಪಿತು. ನಿರೂಪಣೆಯನ್ನು ಪುಸ್ತಕದ ಕನ್ನಡದಲ್ಲಿ ಮಾಡಿದರೂ ಸರಿ, ಆಡುಮಾತಿನಲ್ಲಿ ಮಾಡಿದರೂ ಸರಿ, ಒಂದು ಕಥೆಯ ನಡುವೆ ಅದನ್ನು ಬದಲಿಸಬೇಡಿ. ಬರೆದ ಸಂಭಾಷಣೆಯನ್ನು ಜೋರಾಗಿ ಓದಿ. ನಿಮ್ಮ ಮನೆಯವರು ಹಾಗೆ ಮಾತಾಡುವುದಿಲ್ಲ ಎನಿಸಿದ ಸಾಲನ್ನು ಹೊಡೆದುಹಾಕಿ.

ಎಂಟನೆಯ ಹೆಜ್ಜೆ: ಮಂದಿಯ ಮಾನ ಕಾಯಿರಿ, ಆಮೇಲೆ ತೋರಿಸಿ

ನಮ್ಮವು ಸಣ್ಣ ಊರುಗಳು. ಹೆಸರು ಬದಲಿಸಿದರೂ ಓಣಿ, ಜಾತಿ, ಮಕ್ಕಳ ಸಂಖ್ಯೆ ಹಾಗೇ ಉಳಿದರೆ ಯಾರೆಂದು ಎಲ್ಲರಿಗೂ ತಿಳಿಯುತ್ತದೆ. ನಂಬಿಕೆಯಿಂದ ಹೇಳಿದ ಗುಟ್ಟನ್ನು ಎಷ್ಟೇ ಚೆಂದದ ಕಥೆಯಾದರೂ ಬಳಸಬೇಡಿ. ಒಬ್ಬರ ಕೆಲಸ, ಇನ್ನೊಬ್ಬರ ಮಾತಿನ ಧಾಟಿ, ನಿಮ್ಮದೇ ಭಾವ, ಹೀಗೆ ಮೂರು ಕಡೆಯಿಂದ ಪಾತ್ರ ಕಟ್ಟಿದರೆ ಯಾರಿಗೂ ನೋವಾಗುವುದಿಲ್ಲ, ಪಾತ್ರಕ್ಕೂ ಸ್ವಂತ ಜೀವ ಬರುತ್ತದೆ.

ಕರಡು ಮುಗಿದ ಮೇಲೆ ಒಂದು ವಾರ ಬಿಡಿ. ಆಮೇಲೆ ಸಾಹಿತ್ಯ ಓದುವ ಗೆಳೆಯರಿಗಿಂತ ಮೊದಲು ಆ ಕೆಲಸ ಬಲ್ಲವರಿಗೆ ಓದಿ ಹೇಳಿ. “ಕಥಿ ಹೆಂಗೈತಿ?” ಎಂದು ಕೇಳಿದರೆ ಚಲೋ ಐತಿ ಅಂತಾರೆ. “ಕೆಲಸದಾಗ ತಪ್ಪ ಎಲ್ಲಿ ಐತಿ ಹೇಳ್ರಿ” ಎಂದು ಕೇಳಿ. “ಆ ಹೊತ್ತಿನ್ಯಾಗ ಯಾರೂ ಕೊಂಡಿ ಹಚ್ಚೂದಿಲ್ಲ” ಎಂಬಂಥ ಒಂದು ಮಾತು ಬಂದರೆ ದೃಶ್ಯದ ಸಮಯವೇ ಬದಲಾಗಬೇಕು, ಸಮಯ ಬದಲಾದರೆ ಆಗ ಮನೆಯಲ್ಲಿ ಯಾರಿದ್ದರು ಎಂಬುದೂ ಬದಲಾಗುತ್ತದೆ. ಹಾಗಾಗಿ ತಿದ್ದುವಾಗ ಮೊದಲು ಕೆಲಸದ ತಪ್ಪು, ಆಮೇಲೆ ಸಂಭಾಷಣೆ, ಕಥೆಯ ಕೊನೆಯನ್ನು ಎಲ್ಲಕ್ಕಿಂತ ಕಡೆಗೆ ಮುಟ್ಟಿ. ಅವರು ಹೇಳಿದ್ದರಲ್ಲಿ ಈ ಕಥೆಗೆ ಬೇಡವಾದದ್ದನ್ನು ತಾರೀಖು ಹಾಕಿ ನೋಟ್‌ಬುಕ್ಕಿನ ಮುಂದಿನ ಪುಟಕ್ಕೆ ಬರೆದಿಟ್ಟುಕೊಳ್ಳಿ.